ಸಕಲೇಶಪುರದ ಮಳೆಗೆ ತಡೆಯುವ ಡ್ರಾಪರ್ ಪೋಸ್ಟ್: ಒಂದು ಸೈಕಲ್ಲಿನ ಪ್ರಕರಣ

ಮೌಂಟನ್ ಬೈಕಿನಲ್ಲಿ ಏರು ಹತ್ತುವಾಗ ಸೀಟು ಎತ್ತರದಲ್ಲಿರಬೇಕು. ಕಾಲು ಚಾಚಿದರೇ ಪೆಡಲ್‌ಗೆ ಬಲ ಬೀಳುವುದು. ಇಳಿಯುವಾಗ ಅದೇ ಸೀಟು ಅಡ್ಡ ಬರುತ್ತದೆ. ಮೈ ಹಿಂದಕ್ಕೆ ಹಾಕಲು ಬಿಡುವುದಿಲ್ಲ, ಕಡಿದಾದ ಜಾಗದಲ್ಲಿ ನಮ್ಮನ್ನೇ ಹ್ಯಾಂಡಲ್ ಮೇಲೆ ನೂಕುತ್ತದೆ. ಈ ತೊಂದರೆಗೆ ಮದ್ದು ಡ್ರಾಪರ್ ಪೋಸ್ಟ್, ಅಂದರೆ ಏರಿಳಿಯುವ ಸೀಟಿನ ಕಂಬ. ಹ್ಯಾಂಡಲ್ ಮೇಲಿನ ಲಿವರ್ ಒತ್ತಿ ಕೂತರೆ ಸೀಟು ಇಳಿಯುತ್ತದೆ. ಮೈಭಾರ ತೆಗೆದು ಮತ್ತೆ ಒತ್ತಿದರೆ ತಾನಾಗಿ ಮೇಲೆ ಬರುತ್ತದೆ. ಸೈಕಲ್ ನಿಲ್ಲಿಸಬೇಕಾಗಿಲ್ಲ.

ಈ ಆಸೆ ಹಳೆಯದು. 1980ರ ದಶಕದಲ್ಲೇ ಅಮೆರಿಕದ ಜೋ ಬ್ರೀಜ್ ಮತ್ತು ಜಾಶ್ ಏಂಜೆಲ್ ಸೇರಿ ಹೈಟ್-ರೈಟ್ ಎಂಬ ಸ್ಪ್ರಿಂಗ್ ಮಾಡಿದ್ದರು. ಸೀಟಿನ ಕಂಬವನ್ನು ಫ್ರೇಮಿಗೆ ಬಿಗಿಯುವ ಕ್ಲ್ಯಾಂಪ್ ಸಡಿಲಿಸಿದರೆ ಸ್ಪ್ರಿಂಗ್ ಸೀಟನ್ನು ಮೇಲೆತ್ತುತ್ತಿತ್ತು. ಲಿವರ್ ಒತ್ತುವ ಪೋಸ್ಟ್ ಎಲ್ಲರ ಬಾಯಿಗೆ ಬಂದಿದ್ದು 2010ರಲ್ಲಿ ರಾಕ್‌ಶಾಕ್ಸ್ ಕಂಪನಿಯ ರಿವರ್ಬ್ ಬಂದ ಮೇಲೆ. 2022ರ ಮಾರ್ಚ್‌ನಲ್ಲಿ ಸ್ಲೊವೇನಿಯಾದ ಮಾತೆಯ್ ಮೊಹೊರಿಚ್ ಇಟಲಿಯ ಮಿಲಾನ್–ಸಾನ್ ರೆಮೊ ರೇಸಿಗೆ ರಸ್ತೆ ಸೈಕಲ್ಲಿಗೇ ಡ್ರಾಪರ್ ಹಾಕಿಕೊಂಡು ಬಂದರು. ಪೊಜ್ಜೊ ಗುಡ್ಡದ ಇಳಿಜಾರಿನಲ್ಲಿ ಎಲ್ಲರಿಂದ ಬಿಡಿಸಿಕೊಂಡು ಗೆದ್ದರು. ಸೀಟು ಇಳಿಸುವುದು ಶೋಕಿ ಅಲ್ವಾ ಎಂದು ಕೇಳುವವರಿಗೆ ನಾನು ಈ ರೇಸ್ ನೋಡಲು ಹೇಳುತ್ತೇನೆ.

ಆದರೆ ಇದು ಸೈಕಲ್ಲಿನಲ್ಲಿ ಬೇಗ ಕೈಕೊಡುವ ಭಾಗಗಳಲ್ಲಿ ಒಂದು. ನಮ್ಮ ಮಲೆನಾಡಿನಲ್ಲಂತೂ ಇನ್ನೂ ಬೇಗ. ಹಾಗಾಗಿ ಒಂದೇ ಒಂದು ಸೈಕಲ್ಲಿನ ಕಥೆಯನ್ನು ಪೂರ್ತಿ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಇರುವವರು ಡ್ರಾಪರ್ ಕೊಳ್ಳುವಾಗ ನೋಡಬೇಕಾದ್ದು ಮುಖ್ಯವಾಗಿ ಎರಡು. ಅದು ನಮ್ಮ ಫ್ರೇಮಿಗೆ ಸರಿಯಾಗಿ ಕೂರುತ್ತಾ? ಕೆಟ್ಟರೆ ನಮ್ಮ ಕೈಯಲ್ಲೇ ಬಿಚ್ಚಿ ಸರಿಮಾಡಲು ಆಗುತ್ತಾ? ಬ್ರ್ಯಾಂಡು, ತೂಕ, ಬಣ್ಣ ಎಲ್ಲ ಆಮೇಲೆ.

ಸೈಕಲ್ ಸಕಲೇಶಪುರ ಕಡೆಯ ಗೆಳೆಯನದು. ಕಾಫಿ ತೋಟ ನೋಡಿಕೊಂಡಿದ್ದಾನೆ. ತೋಟದ ಒಳದಾರಿಗಳಲ್ಲೇ ತುಳಿಯುವುದು. ಸಿಲ್ವರ್ ಓಕ್ ಎಲೆ ಬಿದ್ದ ಜಾರು ದಾರಿ, ಮಧ್ಯೆ ಹಳ್ಳ, ಕೆಂಪು ಮಣ್ಣು, ಅಲ್ಲಲ್ಲಿ ಬಂಡೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಎಲ್ಲವೂ ಒದ್ದೆ. ಆರಿದ್ರಾ ಮಳೆ ಹಿಡಿದ ಮೇಲೆ ಒಣಗಿದ ಸೈಕಲ್ ಅನ್ನುವುದೇ ಇರುವುದಿಲ್ಲ. ಅವನ ಎತ್ತರ 170 ಸೆಂಟಿಮೀಟರ್, ತೂಕ 78 ಕಿಲೊ. ಸೈಕಲ್ ಅಲ್ಯೂಮಿನಿಯಂ ಹಾರ್ಡ್‌ಟೇಲ್, ಅಂದರೆ ಮುಂದೆ ಮಾತ್ರ ಸಸ್ಪೆನ್ಷನ್. ಡ್ರಾಪರ್ ಸೈಕಲ್ ಜೊತೆಗೇ ಬಂದಿತ್ತು.

ಎರಡನೇ ಮಳೆಗಾಲದಲ್ಲಿ ಅವನ ದೂರು ಶುರುವಾಯಿತು. ಸೀಟು ಪೂರ್ತಿ ಮೇಲಿದ್ದಾಗ ಕೂತರೆ ಬೆರಳಗಲ ಕುಸಿಯುತ್ತದೆ. ಎದ್ದರೆ ಮತ್ತೆ ಮೇಲೆ ಬರುತ್ತದೆ. ಅದರ ಜೊತೆ, ಇಳಿಸಿದ ಸೀಟು ಮೇಲೆ ಬರುವುದೂ ನಿಧಾನ. ಅಂಗಡಿಯವರು ಸೈಕಲ್ ನೋಡಿ, ಪೋಸ್ಟ್ ಹೋಗಿದೆ, ಹೊಸದು ಹಾಕಿಸಿ ಅಂದರು. "ಒಂದೇ ಸಲಕ್ಕೆ ಇಷ್ಟು ದುಡ್ಡು ಯಾಕೆ ಸುರಿಯಲಿ ಮಾರಾಯ, ನೀನೊಮ್ಮೆ ನೋಡು" ಎಂದು ಅವನು ನನ್ನನ್ನು ಕರೆದ.

ಎರಡು ದೂರಿಗೂ ಕಾರಣ ಒಂದೇ ಇರಬೇಕೆಂದೇನಿಲ್ಲ. ಮೊದಲು ನಿಧಾನ ಏರುವುದನ್ನು ನೋಡಿದೆವು. ಫ್ರೇಮಿನ ಕ್ಲ್ಯಾಂಪ್ ಬೋಲ್ಟನ್ನು ಅಲೆನ್ ಕೀಯಲ್ಲಿ ಕಾಲು ಸುತ್ತು ಸಡಿಲಿಸಿ ಲಿವರ್ ಒತ್ತಿದೆ. ಸೀಟು ಟಕ್ ಎಂದು ಮೇಲೆ ಬಂತು. ಯಾರೋ ಬೋಲ್ಟನ್ನು ಮಿತಿ ಮೀರಿ ಬಿಗಿದಿದ್ದರು. ಡ್ರಾಪರ್ ಅಂದರೆ ಒಂದರೊಳಗೊಂದು ಜಾರುವ ಎರಡು ಕೊಳವೆ. ಹೊರಗಿನದು ತೆಳ್ಳಗಿನದು. ಕ್ಲ್ಯಾಂಪ್ ಅದನ್ನು ಹಿಂಡಿದರೆ ಒಳಗಿನ ಬುಷ್‌ಗಳು, ಅಂದರೆ ಕೊಳವೆ ಜಾರಲು ಇರುವ ಬಳೆಗಳು, ಮೇಲಿನ ಕೊಳವೆಯನ್ನು ಹಿಡಿದುಕೊಳ್ಳುತ್ತವೆ. ಇದಕ್ಕೆ ಸಾಮಾನ್ಯವಾಗಿ 5 ರಿಂದ 6 ನ್ಯೂಟನ್ ಮೀಟರ್ ಬಿಗಿ ಸಾಕು. ಕೆಟ್ಟಿದೆ ಎಂದು ಬಿಚ್ಚಿಡುವ ಎಷ್ಟೋ ಡ್ರಾಪರ್‌ಗಳಲ್ಲಿ ಕೆಟ್ಟಿರುವುದು ಏನೂ ಇರುವುದಿಲ್ಲ, ಕ್ಲ್ಯಾಂಪ್ ಜಾಸ್ತಿ ಬಿಗಿಯಾಗಿರುತ್ತದೆ ಅಷ್ಟೆ.

ಕುಸಿತ ಮಾತ್ರ ಹಾಗೇ ಉಳಿಯಿತು. ಅದನ್ನು ಅಳೆಯಲು ಮೇಲಿನ ನುಣುಪಾದ ಕೊಳವೆಗೆ ಒಂದು ಪ್ಲಾಸ್ಟಿಕ್ ಕೇಬಲ್ ಟೈ ಸಡಿಲವಾಗಿ ಕಟ್ಟಿ, ಕೆಳಗೆ ಕಾಲರ್‌ಗೆ (ಹೊರಗಿನ ಕೊಳವೆಯ ಬಾಯಿಯಲ್ಲಿರುವ ಬಳೆ) ತಾಗುವಷ್ಟು ಇಳಿಸಿದೆವು. ಕೂರುವಾಗ ಕಾಲರ್ ಟೈಯನ್ನು ಮೇಲೆ ನೂಕಿತು. ಎದ್ದ ಮೇಲೆ ಸ್ಕೇಲ್ ಹಿಡಿದರೆ ಕಾಲರ್‌ಗೂ ಟೈಗೂ ನಡುವೆ 12 ಮಿಲಿಮೀಟರ್ ಜಾಗ. ಇನ್ನು ಲಿವರ್‌ನಿಂದ ಪೋಸ್ಟಿಗೆ ಹೋಗುವ ಕೇಬಲ್. ಕೇಬಲ್ ಅತಿ ಬಿಗಿಯಿದ್ದರೆ ಒಳಗಿನ ವಾಲ್ವ್ ಸ್ವಲ್ಪ ತೆರೆದೇ ಇರುತ್ತದೆ, ಆಗಲೂ ಸೀಟು ಇಳಿಯುತ್ತದೆ. ಪೋಸ್ಟನ್ನು ಹೊರಗೆಳೆದು ಬುಡದಿಂದ ಕೇಬಲ್ ಕಳಚಿದೆವು. ಮತ್ತೆ ಕೂತ. ಮತ್ತೆ 12. ಅಲ್ಲಿಗೆ ತೀರ್ಮಾನವಾಯಿತು. ಒಳಗಿನ ಕಾರ್ಟ್ರಿಡ್ಜ್ ಹೋಗಿದೆ.

ಕಾರ್ಟ್ರಿಡ್ಜ್ ಅಂದರೆ ಏನು? ಆಫೀಸ್ ಕುರ್ಚಿಯ ಅಡಿಯಲ್ಲಿ ಏರಿಳಿಯುವ ಕಡ್ಡಿಯಂಥದ್ದೇ. ಮುಚ್ಚಿದ ಕೊಳವೆಯಲ್ಲಿ ಎಣ್ಣೆ ಮತ್ತು ಒತ್ತಿ ತುಂಬಿದ ಗಾಳಿ ಅಥವಾ ನೈಟ್ರೋಜನ್ ಇರುತ್ತದೆ. ಎತ್ತುವುದು ಗಾಳಿಯ ಕೆಲಸ, ನಿಲ್ಲಿಸುವುದು ಎಣ್ಣೆಯ ಕೆಲಸ. ವಾಲ್ವ್ ಮುಚ್ಚಿದಾಗ ಎಣ್ಣೆ ಹರಿಯುವ ದಾರಿ ಬಂದ್. ಎಣ್ಣೆಯನ್ನು ಒತ್ತಿ ಚಿಕ್ಕದು ಮಾಡಲು ಆಗುವುದಿಲ್ಲ, ಅದಕ್ಕೇ ಸೀಟು ಗಟ್ಟಿ ನಿಲ್ಲುತ್ತದೆ. ಎಣ್ಣೆಗೂ ಗಾಳಿಗೂ ನಡುವೆ ಜಾರುವ ಪಿಸ್ಟನ್ ಒಂದಿದೆ, ಅದಕ್ಕೊಂದು ಸೀಲ್. ಆ ಸೀಲ್ ಸವೆದರೆ ಗಾಳಿ ಎಣ್ಣೆಯ ಕಡೆ ನುಗ್ಗುತ್ತದೆ. ಗಾಳಿಯನ್ನು ಒತ್ತಬಹುದಲ್ಲ, ಅದಕ್ಕೇ ಕೂತಾಗ ಆ ಬೆರಳಗಲ ಕುಸಿತ.

ಸೀಲ್ ಯಾಕೆ ಹೋಯಿತು? ಮಳೆ ಕೆಸರು ಒಂದು ಕಾರಣ ಇರಬಹುದು. ನನ್ನ ಅನುಮಾನ ಬೇರೆ ಕಡೆ ಇದೆ. ಸೈಕಲ್ಲನ್ನು ಆಗಾಗ ಪಿಕಪ್‌ಗೆ ಏರಿಸುತ್ತಾರೆ. ಏರಿಸುವವರು ಸೀಟು ಹಿಡಿದೇ ಎತ್ತುವುದು, ಅದೂ ಸೀಟು ಇಳಿದಿರುವಾಗ. ಇಡೀ ಸೈಕಲ್ಲಿನ ಭಾರ ಕಾರ್ಟ್ರಿಡ್ಜನ್ನು ಮೇಲಕ್ಕೆ ಜಗ್ಗುತ್ತದೆ, ಒಳಗೆ ಹೀರುವ ಒತ್ತಡ ಹುಟ್ಟುತ್ತದೆ, ಸೀಲ್ ದಾಟಿ ಗಾಳಿ ಬರುತ್ತದೆ. ಎಷ್ಟೋ ತಯಾರಕರು ಕೈಪಿಡಿಯಲ್ಲೇ ಇದನ್ನು ಮಾಡಬೇಡಿ ಎಂದು ಬರೆದಿರುತ್ತಾರೆ. ಕೈಪಿಡಿ ಓದುವವರು ಯಾರು? ನೀವು ಈಗಾಗಲೇ ಡ್ರಾಪರ್ ಇಟ್ಟುಕೊಂಡಿದ್ದರೆ ಇದೊಂದನ್ನು ಮನೆಯವರಿಗೂ ಗ್ಯಾರೇಜಿನವರಿಗೂ ಹೇಳಿಬಿಡಿ. ಎತ್ತುವುದಿದ್ದರೆ ಫ್ರೇಮ್ ಹಿಡಿದು ಎತ್ತಿ.

ಕಾರ್ಟ್ರಿಡ್ಜ್ ಮಾತ್ರ ಬದಲಿಸಿದರೆ ಕೆಲಸ ಮುಗಿಯುತ್ತಿತ್ತು. ಆದರೆ ಆ ಪೋಸ್ಟಿನ ಕಾರ್ಟ್ರಿಡ್ಜ್ ಬಿಡಿಯಾಗಿ ಸಿಗಲಿಲ್ಲ. ಅಂಗಡಿಯವರಿಗೆ ಅದರ ಭಾಗದ ನಂಬರೇ ಗೊತ್ತಿರಲಿಲ್ಲ. ಒಂದು ಸೀಲ್ ಸವೆದದ್ದಕ್ಕೆ ಇಡೀ ಪೋಸ್ಟ್ ಎಸೆಯಬೇಕು. ನನಗೆ ಇದು ಸರಿ ಕಾಣುವುದಿಲ್ಲ. ಸೈಕಲ್ ಮಾರುವಾಗಲೇ ಬಿಡಿಭಾಗ ಎಲ್ಲಿ ಸಿಗುತ್ತದೆ ಎಂದು ಹೇಳುವುದು ಮಾರುವವರ ಜವಾಬ್ದಾರಿ.

ಹೊಸದು ಕೊಳ್ಳುವುದೇ ಆದರೆ ಅಳೆದು ತೂಗಿ ಕೊಳ್ಳೋಣ ಎಂದು ಕೂತೆವು. ಮೊದಲು ಅಗಲದ ವಿಷಯ. ಸೀಟ್ ಟ್ಯೂಬ್ ಅಂದರೆ ಪೋಸ್ಟ್ ಕೂರುವ ಫ್ರೇಮಿನ ಕೊಳವೆ. ಅದರ ಒಳ ಅಗಲ 27.2, 30.9, 31.6 ಅಥವಾ 34.9 ಮಿಲಿಮೀಟರ್, ಹೆಚ್ಚಿನ ಮೌಂಟನ್ ಬೈಕುಗಳಲ್ಲಿ ಇವುಗಳಲ್ಲಿ ಒಂದು ಇರುತ್ತದೆ. 30.9ಕ್ಕೂ 31.6ಕ್ಕೂ ಕಣ್ಣಳತೆಯಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ. ಹಳೇ ಪೋಸ್ಟಿನ ಬುಡದಲ್ಲಿ ಅಂಕಿ ಕೊರೆದಿರುತ್ತದೆ, ಇಲ್ಲದಿದ್ದರೆ ವರ್ನಿಯರ್ ಹಿಡಿದು ನೋಡಬೇಕು. ಇವನದು 30.9. ದೊಡ್ಡ ಟ್ಯೂಬಿಗೆ ತೆಳುವಾದ ಒಳಕೊಳವೆ ಹಾಕಿ ಸಣ್ಣ ಪೋಸ್ಟ್ ಕೂರಿಸಬಹುದು, ಉಲ್ಟಾ ಆಗುವುದಿಲ್ಲ. 27.2 ಇರುವವರಿಗೆ ಆಯ್ಕೆ ಕಡಿಮೆ. ಅಷ್ಟು ಸಪುರ ಕೊಳವೆಯೊಳಗೆ ಎಲ್ಲವನ್ನೂ ತುರುಕಬೇಕಲ್ಲ.

ನಿಜವಾದ ಲೆಕ್ಕ ಇರುವುದು ಉದ್ದದಲ್ಲಿ. ಡ್ರಾಪರ್ ಕೊಂಡು ಪಶ್ಚಾತ್ತಾಪ ಪಡುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಗೆಳೆಯ ಆರಾಮವಾಗಿ ಪೆಡಲ್ ತುಳಿಯುವ ಎತ್ತರಕ್ಕೆ ಸೀಟು ಇಟ್ಟು ಟೇಪು ಹಿಡಿದೆವು. ಪೆಡಲ್ ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಮೈಗೆ 710 ಮಿಲಿಮೀಟರ್. ಅದೇ ಅಚ್ಚಿನಿಂದ ಕ್ಲ್ಯಾಂಪಿನ ಮೇಲಂಚಿಗೆ 430. ಸೀಟಿನ ಕೆಳಗಿನ ಕಂಬಿಗಳಿಂದ ಮೇಲ್ಮೈಗೆ 48. 710ರಲ್ಲಿ 430 ಮತ್ತು 48 ಕಳೆದರೆ ಉಳಿಯುವುದು 232. ಅಂದರೆ ಹೊಸ ಪೋಸ್ಟ್ ಪೂರ್ತಿ ಎದ್ದು ನಿಂತಾಗ ಕಾಲರಿನ ಕೆಳಗಿನಿಂದ ಕಂಬಿಯ ತನಕ 232 ದಾಟಬಾರದು. ದಾಟಿದರೆ ಸೀಟು ಎಂದೆಂದಿಗೂ ಎತ್ತರವೇ. ಫ್ರೇಮಿನೊಳಗೆ ಅದಕ್ಕಿಂತ ಕೆಳಗೆ ಅದು ಇಳಿಯುವುದೇ ಇಲ್ಲ.

ಇನ್ನೊಂದು ಅಳತೆ ಫ್ರೇಮಿನೊಳಗಿನದು. ಪೋಸ್ಟ್ ಎಷ್ಟು ಆಳ ಇಳಿಯಬಹುದು? ಹಾರ್ಡ್‌ಟೇಲ್ ಸೀಟ್ ಟ್ಯೂಬ್ ನೇರ ಇದ್ದರೆ ಅಡ್ಡಿ ಏನು ಎಂದು ಅವನು ಕೇಳಿದ. ಅಡ್ಡಿ ಇತ್ತು. ಬಾಟಲ್ ಕೇಜಿನ ಬೋಲ್ಟ್ ಕೂರುವ ಮೊಳೆಯಂಥ ಬುಡ ಒಳಗಡೆ ಚಾಚಿಕೊಂಡಿರುತ್ತದೆ. ಟಾರ್ಚ್ ಬಿಟ್ಟರೆ ಕಾಣುತ್ತದೆ. ಮನೆಯಲ್ಲಿ ಬಿದ್ದಿದ್ದ ಅದೇ ಅಗಲದ ಮಾಮೂಲಿ ಉದ್ದನೆ ಸೀಟ್‌ಪೋಸ್ಟ್ ಇಳಿಬಿಟ್ಟು, ತಡೆದ ಕಡೆ ಕ್ಲ್ಯಾಂಪಿನ ಅಂಚಿಗೆ ಮಾರ್ಕರ್‌ನಲ್ಲಿ ಗೆರೆ ಎಳೆದು, ಹೊರತೆಗೆದು ಅಳೆದೆವು. 265 ಬಂತು. ಪೋಸ್ಟಿನ ಬುಡದಲ್ಲಿ ಕೇಬಲ್ ಹೊರಳಲು ಜಾಗ ಬೇಕು. 20 ಬಿಟ್ಟೆವು. ಉಳಿದದ್ದು 245.

ಈಗ ಕೈಯಲ್ಲಿ ಎರಡು ಅಂಕಿ: ಮೇಲೆ 232, ಒಳಗೆ 245. ತಯಾರಕರು ಕೊಡುವ ನಕ್ಷೆಯಲ್ಲಿ ಈ ಎರಡು ಅಳತೆ ಸಾಮಾನ್ಯವಾಗಿ ಇರುತ್ತದೆ. ಇಲ್ಲದಿದ್ದರೆ ಆ ಪೋಸ್ಟ್ ಕೊಳ್ಳುವ ಗೋಜಿಗೇ ಹೋಗಬೇಡಿ.

ಗೆಳೆಯನ ಕಣ್ಣು 170 ಮಿಲಿಮೀಟರ್ ಇಳಿಯುವ ಒಂದು ಪೋಸ್ಟ್ ಮೇಲಿತ್ತು. ಅದರ ಮೇಲಿನ ಅಳತೆ 225, ಕಾಲರಿನಿಂದ ಕೆಳಗೆ ಬುಡದ ತನಕ 255. ಮೇಲೆ 225 ಅಂದರೆ 232ರೊಳಗೆ ಬಂತು, ಇನ್ನೂ 7 ಮಿಲಿಮೀಟರ್ ಪೋಸ್ಟನ್ನು ಹೊರಗೆಳೆದು ನಿಲ್ಲಿಸಬಹುದು. ಆಗ ಒಳಗೆ ಹೋಗುವುದು 248. ನಮ್ಮಲ್ಲಿರುವುದು 245. ಮೂರೇ ಮಿಲಿಮೀಟರ್ ಕಡಿಮೆ. "ಮೂರು ತಾನೇ, ಅಡ್ಜಸ್ಟ್ ಆಗುತ್ತೆ ಬಿಡು" ಅಂದ. ಆಗುವುದಿಲ್ಲ. ಬುಡ ಒತ್ತಿಕೊಂಡು ಕೇಬಲ್ ಮಡಚಿದರೆ ಲಿವರ್ ಬಿಗಿಯಾಗುತ್ತದೆ, ಪೋಸ್ಟ್ ಸರಿಯಾಗಿ ಲಾಕ್ ಆಗುವುದಿಲ್ಲ. ಆಮೇಲೆ ಪೋಸ್ಟೇ ಸರಿಯಿಲ್ಲ ಎಂದು ದೂರುತ್ತೇವೆ.

ಆದರೆ ಆ ಪೋಸ್ಟಿನಲ್ಲಿ ಒಂದು ಅನುಕೂಲ ಇತ್ತು. ಅದರ ಇಳಿತವನ್ನು ಕಡಿಮೆ ಮಾಡಿಕೊಳ್ಳಬಹುದು. ಇಂಥ ಏರ್ಪಾಡು ಈಗ ಕೆಲವು ಪೋಸ್ಟ್‌ಗಳಲ್ಲಿದೆ. ವನ್‌ಅಪ್ ಕಂಪನಿಯ ಎರಡನೇ ಆವೃತ್ತಿಯಲ್ಲಿ ಒಳಗೆ ಸಣ್ಣ ತುಂಡು ಸೇರಿಸಿ 10 ಅಥವಾ 20 ಮಿಲಿಮೀಟರ್ ಕಡಿಮೆ ಮಾಡುತ್ತಾರೆ. ಪಿಎನ್‌ಡಬ್ಲ್ಯು ಕಂಪನಿಯ ಲೋಮ್‌ನಲ್ಲಿ 5 ಮಿಲಿಮೀಟರ್ ಲೆಕ್ಕದಲ್ಲಿ 30ರ ತನಕ ಕಡಿಮೆ ಮಾಡಬಹುದು. ಇದು ಪೋಸ್ಟಿನ ಎತ್ತರ ಜಾಸ್ತಿಯಾದವರಿಗೆ ಮಾತ್ರ ಎಂದು ಬಹಳ ಜನ ತಿಳಿದಿದ್ದಾರೆ. ಆಳ ಸಾಲದವರಿಗೂ ಇದೇ ಉಪಾಯ. 170ನ್ನು 160 ಮಾಡಿದರೆ ಮೇಲಿನ ಅಳತೆ 225ರಿಂದ 215ಕ್ಕೆ ಇಳಿಯಿತು. ಸೀಟು ಅದೇ ಎತ್ತರಕ್ಕೆ ಬರಬೇಕಾದರೆ ಪೋಸ್ಟನ್ನು ಫ್ರೇಮಿನಿಂದ 17 ಮಿಲಿಮೀಟರ್ ಹೊರಗೆಳೆಯಬೇಕು. ಒಳಗೆ ಹೋಗುವುದು ಈಗ 238. 245ರೊಳಗೆ ನೆಮ್ಮದಿಯಾಗಿ ಕೂರುತ್ತದೆ. ಕಾಗದದ ಮೇಲೆ ಇದನ್ನು ಬರೆದು ತೋರಿಸಿದಾಗ ಅವನಿಗೆ ಖುಷಿಯಾಯಿತು. 150ರ ಇನ್ನೊಂದು ಪೋಸ್ಟೂ ಸಲೀಸಾಗಿ ಕೂರುತ್ತಿತ್ತು. ಅದನ್ನು ಎರಡನೇ ಆಯ್ಕೆಯಾಗಿ ಇಟ್ಟುಕೊಂಡೆವು.

ಇಳಿತ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅನ್ನುವ ಗೀಳು ಈಚೆಗೆ ಬೆಳೆದಿದೆ. 170 ಸೆಂಟಿಮೀಟರ್ ಎತ್ತರದ ಇವನಿಗೆ, ಈ ತೋಟದ ದಾರಿಗೆ, 150 ದಾಟಿದರೆ ಸಾಕು. ಅದರ ಮೇಲಿನದ್ದು ಬಂದರೆ ಸಂತೋಷ, ಬರದಿದ್ದರೆ ನಷ್ಟವಿಲ್ಲ. ಒಂದೇ ಉದ್ದದ ಕೊಳವೆಯಲ್ಲಿ ಇಳಿತ ಹೆಚ್ಚಿಸಿದಷ್ಟೂ ಎರಡು ಕೊಳವೆಗಳು ಒಂದರೊಳಗೊಂದು ಹಿಡಿದುಕೊಳ್ಳುವ ಭಾಗ ಕಡಿಮೆಯಾಗುತ್ತದೆ, ಬುಷ್ ಮೇಲೆ ಹೊರೆ ಬೀಳುತ್ತದೆ.

ಇನ್ನು ಯಾವ ಬಗೆಯದು? ವೈರ್ ಇಲ್ಲದ ಎಲೆಕ್ಟ್ರಾನಿಕ್ ಪೋಸ್ಟ್ ಒಳ್ಳೆಯ ವಸ್ತು. ರಿವರ್ಬ್ ಎಎಕ್ಸ್‌ಎಸ್ 2019ರಲ್ಲಿ ಬಂತು. ಕೇಬಲ್ ಇಲ್ಲ, ಫ್ರೇಮಿನಲ್ಲಿ ತೂತು ಬೇಕಿಲ್ಲ. ಬಂದಾಗ ಸುಮಾರು 800 ಡಾಲರ್. ಕೇಬಲ್ಲಿನ ಒಳ್ಳೇ ಪೋಸ್ಟ್ 200ರ ಆಸುಪಾಸಿಗೆ ಸಿಗುವಾಗ ಇವನಿಗೆ ಅದು ಬೇಡವೆನಿಸಿತು, ನನಗೂ. ಮೊದಲ ರಿವರ್ಬ್‌ನಂತೆ ಲಿವರ್‌ನಿಂದ ಪೋಸ್ಟಿಗೆ ಎಣ್ಣೆಯ ಪೈಪ್ ಇರುವವು ಕೈಗೆ ಹಗುರ. ಆದರೆ ಪೈಪಿನಲ್ಲಿ ಗಾಳಿ ಸೇರಿದರೆ ಬ್ರೇಕಿನಂತೆ ಬ್ಲೀಡ್ ಮಾಡಿ ಆ ಗಾಳಿ ತೆಗೆಯಬೇಕು. ತೋಟದ ಮನೆಯಲ್ಲಿ ಅದು ಕಿರಿಕಿರಿ. ಜರ್ಮನಿಯ ಬೈಕ್‌ಯೋಕ್ ಕಂಪನಿಯ ರಿವೈವ್ ನನಗೆ ಬಹಳ ಮೆಚ್ಚುಗೆ. ಎಣ್ಣೆಗೆ ಗಾಳಿ ಸೇರಿ ಸೀಟು ಕುಸಿಯತೊಡಗಿದರೆ ಅಲೆನ್ ಕೀ ಹಾಕಿ ತಿರುಗಿಸಿ ಸೀಟು ಒತ್ತಿದರೆ ಸರಿಹೋಗುತ್ತದೆ. ಇವನ ಕಾಯಿಲೆಗೆ ಹೇಳಿ ಮಾಡಿಸಿದ ಮದ್ದು. ಬೆಲೆ ಮಾತ್ರ ಅವನ ಲೆಕ್ಕಕ್ಕೆ ಮೀರಿತು. ದುಡ್ಡಿದ್ದವರು ಅದನ್ನು ನೋಡಿ ಎಂದೇ ಹೇಳುತ್ತೇನೆ.

ಉಳಿದದ್ದು ಕೇಬಲ್ ಎಳೆಯುವ, ಒಳಗೆ ಮುಚ್ಚಿದ ಕಾರ್ಟ್ರಿಡ್ಜ್ ಇರುವ ಬಗೆ. ಇದರಲ್ಲಿ ರಿಪೇರಿ ಅಂದರೆ ಕಾರ್ಟ್ರಿಡ್ಜನ್ನೇ ತೆಗೆದು ಹೊಸದು ಹಾಕುವುದು. ಕೇಬಲ್ ಗೇರಿನದ್ದೇ, ಜಿಲ್ಲಾ ಕೇಂದ್ರದ ಯಾವ ಸೈಕಲ್ ಅಂಗಡಿಯಲ್ಲೂ ಸಿಗುತ್ತದೆ. ಎರಡೂ ಪೋಸ್ಟ್ ಮಾರುವವರಿಗೆ ಒಂದೇ ಪ್ರಶ್ನೆ ಕಳಿಸಿದೆವು: ಕಾರ್ಟ್ರಿಡ್ಜ್ ಬಿಡಿಯಾಗಿ ಕೊಡುತ್ತೀರಾ, ಬೆಲೆ ಎಷ್ಟು, ಬದಲಿಸಲು ಏನು ಸಾಮಾನು ಬೇಕು? 150ರ ಪೋಸ್ಟಿನವರು ವಾರಂಟಿ ಇದೆ, ಚಿಂತೆ ಬೇಡ ಎಂದು ಬರೆದರು. ವಾರಂಟಿ ಅಂದರೆ ಪೋಸ್ಟನ್ನು ಕಳಿಸಿ ಕಾಯುವುದು, ಕಳಿಸುವ ಖರ್ಚು ನಮ್ಮದು. ಇನ್ನೊಬ್ಬರು ಕಾರ್ಟ್ರಿಡ್ಜಿನ ಫೋಟೊ, ಬೆಲೆ, ಬೇಕಾದ ಸ್ಪ್ಯಾನರ್ ಅಳತೆ ಎಲ್ಲ ಕಳಿಸಿದರು. ಕಾಲರ್ ಕೈಯಲ್ಲೇ ತಿರುಗಿಸಿ ಬಿಚ್ಚಬಹುದು ಎಂದೂ ಹೇಳಿದರು. 170ರದ್ದೇ ಆಯಿತು. ಪೋಸ್ಟ್ ತರಿಸುವಾಗಲೇ ಒಂದು ಕಾರ್ಟ್ರಿಡ್ಜನ್ನೂ ಜೊತೆಗೆ ತರಿಸಿಕೊಂಡ. ಸಾಗಣೆ, ಸುಂಕ ಎರಡೆರಡು ಸಲ ಕಟ್ಟುವುದು ಯಾಕೆ? ಪೋಸ್ಟಿನ ಹೆಸರು ಬೇಕೆಂದೇ ಬರೆಯುತ್ತಿಲ್ಲ. ನಿಮ್ಮ ಫ್ರೇಮಿನ ಎರಡು ಅಂಕಿ ಬೇರೆ ಇರುತ್ತವೆ, ಹೆಸರು ನೋಡಿ ಕೊಂಡರೆ ಕೂರದೇ ಹೋಗಬಹುದು.

ಕೂರಿಸುವಾಗ ಮಳೆಯನ್ನು ಮನಸ್ಸಿನಲ್ಲಿಟ್ಟುಕೊಂಡೆವು. ಕ್ಲ್ಯಾಂಪ್ ಜಾಗಕ್ಕೆ ಗ್ರೀಸ್ ಬದಲು ಮರಳಿನಂತೆ ತರಿಯಿರುವ ಫ್ರಿಕ್ಷನ್ ಪೇಸ್ಟ್ ಹಚ್ಚಿದೆವು. ಹಾಗಾಗಿ 5 ನ್ಯೂಟನ್ ಮೀಟರ್ ಬಿಗಿಗೇ ಪೋಸ್ಟ್ ಜಾರದೆ ನಿಂತಿತು. ಈ ಸಲ ಟಾರ್ಕ್ ರೆಂಚ್ ಹಿಡಿದೇ ಬಿಗಿದದ್ದು. ಸೀಟ್ ಟ್ಯೂಬಿನ ಸೀಳು ಹಿಂದಕ್ಕಿದೆ, ಹಿಂದಿನ ಚಕ್ರದ ಕೆಸರು ನೇರ ಅಲ್ಲಿಗೇ ಬಡಿಯುತ್ತದೆ. ಚಕ್ರದ ಹಳೇ ರಬ್ಬರ್ ಟ್ಯೂಬಿನ ಅಗಲ ತುಂಡು ಕತ್ತರಿಸಿ ಕ್ಲ್ಯಾಂಪನ್ನೂ ಸೀಳನ್ನೂ ಮುಚ್ಚುವಂತೆ ತೊಡಿಸಿದೆವು. ಕೇಬಲ್ಲಿನ ಬಿಗಿಯನ್ನು ಲಿವರ್ ಹತ್ತಿರದ ತಿರುಪಿನಲ್ಲಿ ಸರಿ ಮಾಡಿದ್ದು ಕೊನೆಗೆ. ಲಿವರ್‌ನಲ್ಲಿ ಒಂದಿಷ್ಟು ಸಡಿಲ ಇರಲೇಬೇಕು.

ಆ ಮಳೆಗಾಲ ಕಳೆಯಿತು. ಕೇಬಲ್ ಟೈ ಕಟ್ಟಿ ಮತ್ತೆ ಅಳೆದೆವು. ಕುಸಿತ ಇಲ್ಲ. ಆಗಸ್ಟ್‌ನಲ್ಲಿ ಒಮ್ಮೆ ಸೀಟು ಮೇಲೆ ಬರುವುದು ಮಂದವಾಗಿತ್ತು. ಅವನೇ ಕಾಲರ್ ಬಿಚ್ಚಿದ. ಕೊಳವೆಯ ಕೆಸರು ಒರೆಸುವ ವೈಪರ್ ಸೀಲಿನ ಒಳಗೆ ಕೆಂಪು ಮಣ್ಣು ಗಂಧದ ಹಾಗೆ ನುಣ್ಣಗೆ ಅಂಟಿತ್ತು. ಬಟ್ಟೆಯಲ್ಲಿ ಒರೆಸಿ, ಸಸ್ಪೆನ್ಷನ್ ಗ್ರೀಸ್ ತೆಳ್ಳಗೆ ಸವರಿ ಮುಚ್ಚಿದ. ಚಹಾ ಕುಡಿಯುವಷ್ಟು ಹೊತ್ತಿನ ಕೆಲಸ. ಮಳೆಗಾಲದಲ್ಲಿ ಇದನ್ನು ಆಗಾಗ ಮಾಡಬೇಕು, ಯಾವ ಪೋಸ್ಟ್ ಆದರೂ ಸರಿ. ಅಕ್ಟೋಬರ್ ಹೊತ್ತಿಗೆ ಒಳಗಿನ ಕೇಬಲ್ ಬುಡದಲ್ಲಿ ತುಕ್ಕು ಹಿಡಿದು ಲಿವರ್ ಗಡುಸಾಯಿತು. ಕೇಬಲ್ ಮತ್ತು ಹೊರಕವಚ ಎರಡನ್ನೂ ಬದಲಿಸಿದೆವು. ಟ್ಯೂಬಿನ ತುಂಡು ಕೆಸರು ತಡೆದಿತ್ತು, ನೀರನ್ನು ಪೂರ್ತಿ ತಡೆದಿರಲಿಲ್ಲ. ಈಗ ತಿಂಗಳಿಗೊಮ್ಮೆ ಪೋಸ್ಟ್ ಹೊರತೆಗೆದು ಸೈಕಲ್ ಬೋರಲು ಮಾಡಿ ಸೀಟ್ ಟ್ಯೂಬಿನ ನೀರು ಸುರಿಯುತ್ತಾನೆ.

ಸೀಟಿನ ಮೂತಿ ಹಿಡಿದು ಅಲ್ಲಾಡಿಸಿದರೆ ಒಂದೆರಡು ಮಿಲಿಮೀಟರ್ ಆಚೀಚೆ ಆಡುತ್ತದೆ. ಅದಕ್ಕೆ ಅವನು ತಲೆ ಕೆಡಿಸಿಕೊಂಡಿದ್ದ. ಜಾರುವ ಕೊಳವೆ ಅಂದ ಮೇಲೆ ಅಷ್ಟು ಆಟ ಇರುತ್ತದೆ, ತುಳಿಯುವಾಗ ಗೊತ್ತೇ ಆಗುವುದಿಲ್ಲ. ಒಳಗೆ ಸೀಟು ತಿರುಗದಂತೆ ಹಿಡಿಯುವ ಸಣ್ಣ ಹಿತ್ತಾಳೆ ಪಿನ್‌ಗಳಿವೆ. ಅವು ಸವೆದಷ್ಟೂ ಆಟ ಹೆಚ್ಚುತ್ತದೆ. ಕೂದಲೆಳೆಯಷ್ಟು ದಪ್ಪ ಜಾಸ್ತಿ ಇರುವ ಪಿನ್‌ಗಳು ಬಿಡಿಯಾಗಿ ಸಿಗುತ್ತವೆ. ಮುಂದಿನ ಮುಂಗಾರಿಗೆ ಮೊದಲು ಪೋಸ್ಟ್ ಬಿಚ್ಚಿ ನೋಡುತ್ತೇವೆ, ಆಟ ಹೆಚ್ಚಾಗಿದ್ದರೆ ಅವನ್ನೇ ಹಾಕುವುದು.